ಗೆದ್ದವನು ಗೆದ್ದ ಹಾಗೆ ಕಾಣಲಿ: ರೆಸ್ಲಿಂಗ್ ಕಂಪನಿ ನಡೆಸುವವರಿಗೊಂದು ಬಹಿರಂಗ ಪತ್ರ

ಮಾಲೀಕರೇ, ಯಾರು ಗೆಲ್ಲಬೇಕೆಂದು ಗೊತ್ತುಮಾಡುವ ಬುಕರ್‌ಗಳೇ,

ಸಭಾಂಗಣ ಯಾಕೆ ಖಾಲಿ ಹೊಡೆಯುತ್ತಿದೆ ಎಂದು ಕೇಳಿದಾಗಲೆಲ್ಲ ನಿಮ್ಮಿಂದ ಬರುವ ಉತ್ತರಗಳು ಮೂರು. ಜನ ಈಗ ಕೇಬಲ್ ಟೀವಿ ನೋಡುವುದಿಲ್ಲ. ಮೊಬೈಲು ಎಲ್ಲರ ಹೊತ್ತನ್ನೂ ನುಂಗಿ ಹಾಕಿದೆ. ದೊಡ್ಡ ಕಂಪನಿಯ ದುಡ್ಡಿನ ಮುಂದೆ ನಮ್ಮ ಆಟ ನಡೆಯುವುದಿಲ್ಲ. ಮೂರರಲ್ಲೂ ಒಂದಷ್ಟು ನಿಜವಿದೆ. ಆದರೆ ಡಬ್ಲ್ಯೂಸಿಡಬ್ಲ್ಯೂ ಎಂಬ ಅಮೆರಿಕನ್ ರೆಸ್ಲಿಂಗ್ ಕಂಪನಿ 2001ರಲ್ಲಿ ಮುಳುಗುವಾಗ ಸ್ಮಾರ್ಟ್‌ಫೋನ್ ಇರಲಿಲ್ಲ, ಅಮೆರಿಕದಲ್ಲಿ ಕೇಬಲ್ ಟೀವಿ ಮೆರೆಯುತ್ತಿತ್ತು, ಆ ಕಂಪನಿಯ ಬೆನ್ನಿಗೆ ಟೆಡ್ ಟರ್ನರ್ ಕಟ್ಟಿದ ಚಾನೆಲ್ಲುಗಳೇ ಇದ್ದವು. ಆದರೂ ಅದು ಮುಳುಗಿತು. ಹಾಗಾಗಿ ನಿಮ್ಮ ಮೂರು ಉತ್ತರಗಳನ್ನು ಪಕ್ಕಕ್ಕಿಟ್ಟು ನಾಲ್ಕನೆಯದರ ಬಗ್ಗೆ ಮಾತಾಡಬೇಕಾಗಿದೆ.

ಫಲಿತಾಂಶ ಮೊದಲೇ ಗೊತ್ತುಮಾಡಿದ್ದು ಎಂಬುದು ಇವತ್ತು ಹತ್ತು ವರ್ಷದ ಹುಡುಗನಿಗೂ ತಿಳಿದಿದೆ. ಅದಕ್ಕೆ ಯಾರ ತಕರಾರೂ ಇಲ್ಲ. ನಾಟಕದ ರಾಜ ನಿಜವಾದ ರಾಜನಲ್ಲ ಎಂದು ಗೊತ್ತಿದ್ದೂ ಅವನು ಸತ್ತಾಗ ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಸತ್ತ ರಾಜ ಮುಂದಿನ ದೃಶ್ಯದಲ್ಲಿ ಏನೂ ಆಗದವನಂತೆ ಸಿಂಹಾಸನದ ಮೇಲೆ ಕೂತಿದ್ದರೆ, ಎರಡನೇ ಸಲ ಸತ್ತಾಗ ಯಾರೂ ಅಳುವುದಿಲ್ಲ. ನೀವು ವಾರವಾರವೂ ಮಾಡುತ್ತಿರುವುದು ಇದನ್ನೇ. ಗೆಲುವಿಗೆ ಫಲವಿಲ್ಲ, ಸೋಲಿಗೆ ನಷ್ಟವಿಲ್ಲ ಎಂದು ಪ್ರೇಕ್ಷಕನಿಗೆ ನೀವೇ ಪಾಠ ಹೇಳಿಕೊಟ್ಟಿದ್ದೀರಿ. ಅವನು ಪಾಠ ಕಲಿತು ಎದ್ದು ಹೋಗಿದ್ದಾನೆ.

ಇದರಲ್ಲಿರುವ ದೊಡ್ಡ ಅಪಾಯ, ಪೆಟ್ಟು ಬಿದ್ದ ದಿನ ನೋವು ಗೊತ್ತಾಗುವುದಿಲ್ಲ ಎಂಬುದು. ಡಬ್ಲ್ಯೂಸಿಡಬ್ಲ್ಯೂ ಲೆಕ್ಕವನ್ನೇ ನೋಡಿ. 1995ರ ಸೆಪ್ಟೆಂಬರ್ 4ರಂದು ಅವರ ಸೋಮವಾರದ ಕಾರ್ಯಕ್ರಮ ನೈಟ್ರೊ ಶುರುವಾಯಿತು. 1996ರ ಜುಲೈಯಲ್ಲಿ, ಅಲ್ಲಿಯವರೆಗೆ ಮಕ್ಕಳ ಕಣ್ಮಣಿಯಾಗಿದ್ದ ಹಲ್ಕ್ ಹೋಗನ್ ಖಳನಾಗಿ ತಿರುಗಿ ಎನ್‌ಡಬ್ಲ್ಯೂಒ ಗುಂಪು ಹುಟ್ಟಿತು. 1996ರ ಜೂನ್‌ನಿಂದ 1998ರ ಏಪ್ರಿಲ್‌ವರೆಗೆ ಸತತ 83 ವಾರ ನೈಟ್ರೊ ರೇಟಿಂಗಿನಲ್ಲಿ ಎದುರಾಳಿ ಕಂಪನಿ ಡಬ್ಲ್ಯೂಡಬ್ಲ್ಯೂಎಫ್‌ನ (ಇಂದಿನ ಡಬ್ಲ್ಯೂಡಬ್ಲ್ಯೂಇ) ರಾ ಕಾರ್ಯಕ್ರಮವನ್ನು ಸೋಲಿಸಿತು. ಈ ನಡುವೆ ಸ್ಟಿಂಗ್ ಎಂಬ ಕುಸ್ತಿಪಟು ಮುಖಕ್ಕೆ ಬಿಳಿ ಬಳಿದುಕೊಂಡು, ಒಂದು ವರ್ಷಕ್ಕೂ ಮೇಲ್ಪಟ್ಟು ಪಂದ್ಯವನ್ನೇ ಆಡದೆ, ಚಾವಣಿಯ ತೊಲೆಗಳ ಮೇಲಿಂದ ಹೋಗನ್ ಗುಂಪನ್ನು ದಿಟ್ಟಿಸುತ್ತ ನಿಂತಿದ್ದ. ಇಬ್ಬರೂ ಎದುರಾಗಬೇಕಾಗಿದ್ದು 1997ರ ಡಿಸೆಂಬರ್ 28ರಂದು, ಸ್ಟಾರ್‌ಕೇಡ್ ಮೇಳದಲ್ಲಿ.

ಅಷ್ಟು ಕಾಯಿಸಿದ ಮೇಲೆ ಉಳಿದಿದ್ದ ಕೆಲಸ ಒಂದೇ: ಸ್ಟಿಂಗ್ ಬರಬೇಕು, ಹೋಗನ್‌ನನ್ನು ಕೆಡವಿ ಭುಜ ನೆಲಕ್ಕೆ ಒತ್ತಿ ಹಿಡಿಯಬೇಕು, ರೆಫರಿ ಮೂರು ಎಣಿಸಬೇಕು. ಅದಕ್ಕೊಂದು ಜಾಣತನ ಸೇರಿಸಲು ಹೋದರು. ಹೋಗನ್ ಕಡೆಯ ರೆಫರಿ ಬೇಗ ಬೇಗ ಎಣಿಸಿ ಸ್ಟಿಂಗ್‌ನನ್ನು ಮೋಸದಿಂದ ಸೋಲಿಸುತ್ತಾನೆ, ಇನ್ನೊಬ್ಬ ಕುಸ್ತಿಪಟು ಬ್ರೆಟ್ ಹಾರ್ಟ್ ಬಂದು ಅನ್ಯಾಯ ಎಂದು ತಡೆಯುತ್ತಾನೆ, ಪಂದ್ಯ ಮತ್ತೆ ಶುರುವಾಗುತ್ತದೆ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ರಿಂಗಿನಲ್ಲಿ ರೆಫರಿಯ ಎಣಿಕೆ ಮಾಮೂಲಿ ವೇಗದಲ್ಲೇ ಬಿತ್ತು. ಪ್ರೇಕ್ಷಕರು ಕಂಡದ್ದು ತಮ್ಮ ನಾಯಕ ನೇರಾನೇರ ಸೋತದ್ದನ್ನು, ಆಮೇಲೆ ಯಾರೋ ಬಂದು ಗದ್ದಲ ಎಬ್ಬಿಸಿ ಅವನಿಗೆ ಚಾಂಪಿಯನ್ ಬೆಲ್ಟ್ ಕೊಡಿಸಿದ್ದನ್ನು. ತಮಾಷೆಯೆಂದರೆ ಅದು ಕಂಪನಿಯ ಅತಿ ಹೆಚ್ಚು ಮಾರಾಟವಾದ ಪೇ-ಪರ್-ವ್ಯೂ, ಅಂದರೆ ದುಡ್ಡು ಕೊಟ್ಟು ಮನೆಯಲ್ಲಿ ನೋಡುವ ಪ್ರಸಾರ. ಆ ರಾತ್ರಿ ಗಲ್ಲಾಪೆಟ್ಟಿಗೆ ತುಂಬಿತ್ತು. ಕಚೇರಿಯಲ್ಲಿ ಕೂತವರಿಗೆ ತಪ್ಪು ಕಾಣುವುದಾದರೂ ಹೇಗೆ? ಟಿಕೆಟ್ಟು ಮಾರಿದ್ದು ಹಿಂದಿನ ಹದಿನೈದು ತಿಂಗಳ ಕೆಲಸ. ಆ ರಾತ್ರಿಯ ಕೆಲಸಕ್ಕೆ ಬಿಲ್ಲು ಬಂದದ್ದು ಮುಂದಿನ ವರ್ಷ.

1999ರ ಜನವರಿ 4ಕ್ಕೆ ಅಟ್ಲಾಂಟಾದ ಜಾರ್ಜಿಯಾ ಡೋಮ್‌ನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಜಾಹೀರಾತಿನಲ್ಲಿದ್ದದ್ದು ಗೋಲ್ಡ್‌ಬರ್ಗ್ ಮತ್ತು ಕೆವಿನ್ ನ್ಯಾಶ್ ಪಂದ್ಯ. ಕೊಟ್ಟದ್ದು ಹೋಗನ್ ಮತ್ತು ನ್ಯಾಶ್. ಹೋಗನ್ ಬೆರಳಿನಿಂದ ಎದೆಗೆ ಚುಚ್ಚಿದ, ನ್ಯಾಶ್ ಸಿಡಿಲು ಬಡಿದವನಂತೆ ಬಿದ್ದ, ಬೆಲ್ಟ್ ಕೈ ಬದಲಾಯಿತು. ಅದೇ ರಾತ್ರಿ, ಎದುರಾಳಿ ಚಾನೆಲ್‌ನಲ್ಲಿ ಮೊದಲೇ ಚಿತ್ರೀಕರಿಸಿದ್ದ ರಾದಲ್ಲಿ ಮ್ಯಾನ್‌ಕೈಂಡ್ ಎಂಬ ಕುಸ್ತಿಪಟು ಚಾಂಪಿಯನ್ ಆಗುತ್ತಾನೆ ಎಂದು ತಮ್ಮ ನಿರೂಪಕನಿಂದಲೇ ಹೀಯಾಳಿಸಿ ಹೇಳಿಸಿದರು. ಜನ ಚಾನೆಲ್ ಬದಲಿಸಿ ಆ ಗೆಲುವನ್ನು ನೋಡಲು ಹೋದರು. ಯಾಕೆ ಹೋದರು ಎಂದು ನಿಮ್ಮ ಸಭೆಗಳಲ್ಲಿ ಇವತ್ತಿಗೂ ಸರಿಯಾಗಿ ಯಾರೂ ಕೇಳಿಕೊಂಡಂತಿಲ್ಲ. ಅಲ್ಲಿ ಒಬ್ಬ ಮನುಷ್ಯ ಗೆಲ್ಲುತ್ತಿದ್ದ, ಗೆದ್ದದ್ದು ಗೆಲುವಿನ ಹಾಗೆ ಕಾಣುತ್ತಿತ್ತು. ಅಷ್ಟೇ.

2000ನೇ ಇಸವಿಯೊಂದರಲ್ಲೇ ಡಬ್ಲ್ಯೂಸಿಡಬ್ಲ್ಯೂ ವಿಶ್ವ ಚಾಂಪಿಯನ್ ಪಟ್ಟ ಹದಿನೈದಕ್ಕೂ ಹೆಚ್ಚು ಬಾರಿ ಕೈ ಬದಲಾಯಿತು. ಏಪ್ರಿಲ್‌ನಲ್ಲಿ ಸಿನಿಮಾ ನಟ ಡೇವಿಡ್ ಆರ್ಕೆಟ್ ಕೂಡ ಚಾಂಪಿಯನ್ ಆದರು. ಇದಕ್ಕೆದುರಾಗಿ ಬ್ರೂನೊ ಸ್ಯಾಮಾರ್ಟಿನೊ 1963ರ ಮೇ ತಿಂಗಳಿಂದ 1971ರ ಜನವರಿಯವರೆಗೆ 2,803 ದಿನ ಒಂದೇ ಪಟ್ಟವನ್ನು ಹೊತ್ತಿದ್ದರು. ಅಷ್ಟು ಉದ್ದ ಎಳೆಯಿರಿ ಎಂದು ಯಾರೂ ಹೇಳುತ್ತಿಲ್ಲ, ಆ ಕಾಲದ ತಾಳ್ಮೆ ಬೇರೆ. ಆದರೂ ರೋಮನ್ ರೇನ್ಸ್ 2020ರ ಆಗಸ್ಟ್‌ನಿಂದ 2024ರ ಏಪ್ರಿಲ್‌ವರೆಗೆ 1,316 ದಿನ ಚಾಂಪಿಯನ್ ಆಗಿದ್ದದ್ದು ಇದೇ ಮೊಬೈಲ್ ಯುಗದಲ್ಲಿ. ಬೆಲ್ಟ್ ಅವರಿಂದ ಹೋದ ರಾತ್ರಿಗೆ ತೂಕ ಬಂದದ್ದು ಆ ದಿನಗಳ ಲೆಕ್ಕದಿಂದ. ಡಬ್ಲ್ಯೂಸಿಡಬ್ಲ್ಯೂ ವಿಷಯಕ್ಕೇ ಮರಳಿದರೆ, 2001ರ ಮಾರ್ಚ್ 26ರಂದು ನೈಟ್ರೊ ಕೊನೆಯ ಬಾರಿ ಪ್ರಸಾರವಾಯಿತು. ಅದರ ಪ್ರೇಕ್ಷಕರೆಲ್ಲ ಗೆದ್ದ ಕಂಪನಿಯ ಕಡೆ ವಲಸೆ ಹೋಗುತ್ತಾರೆ ಎಂದು ಎಲ್ಲರೂ ಎಣಿಸಿದ್ದರು. ಬಹಳಷ್ಟು ಮಂದಿ ರೆಸ್ಲಿಂಗ್ ನೋಡುವುದನ್ನೇ ಬಿಟ್ಟರು. ಎದುರಾಳಿ ಮುಳುಗಿದರೆ ತಮಗೆ ಲಾಭ ಎಂದುಕೊಂಡಿರುವವರು ಇದನ್ನು ಎರಡು ಸಲ ಓದಿಕೊಳ್ಳಿ.

ಟಿಎನ್‌ಎ ಎಂಬ ಇನ್ನೊಂದು ಅಮೆರಿಕನ್ ಕಂಪನಿಯ ಕಥೆಯ ರೋಗ ಬೇರೆ ಥರದ್ದು. 2002ರ ಜೂನ್‌ನಲ್ಲಿ ಶುರುವಾದ ಕಂಪನಿ ಮೊದಲು ನಂಬಿದ್ದು ವಾರಕ್ಕೊಂದು ಪೇ-ಪರ್-ವ್ಯೂ, ಬೆಲೆ 9.95 ಡಾಲರ್. ತಿಂಗಳಿಗೆ ಸುಮಾರು ನಲವತ್ತು ಡಾಲರ್ ಆಯಿತು. ಪುಕ್ಕಟೆ ಟೀವಿಯಲ್ಲಿ ರುಚಿ ಹತ್ತಿಸಿ ಆಮೇಲೆ ದುಡ್ಡು ಕೇಳುವುದು ಈ ವ್ಯಾಪಾರದ ಹಳೆಯ ಕ್ರಮ. ಇಲ್ಲಿ ರುಚಿ ನೋಡುವ ಮೊದಲೇ ಬಿಲ್ಲು. 2004ರಲ್ಲಿ ಟೀವಿ ಸಿಕ್ಕಿತು, ಚಿತ್ರೀಕರಣ ಒರ್ಲಾಂಡೊದ ಯೂನಿವರ್ಸಲ್ ಸ್ಟುಡಿಯೋಸ್‌ನ ಒಂದು ಸ್ಟುಡಿಯೋದಲ್ಲಿ, ಪ್ರವೇಶ ಉಚಿತ. ಖರ್ಚು ಉಳಿಯಿತು, ನಿಜ. ಆದರೆ ಪುಕ್ಕಟೆ ಬಂದು ಕೂತವರಲ್ಲಿ ಅಲ್ಲಿನ ಮನರಂಜನಾ ಪಾರ್ಕಿಗೆ ಬಂದ ಪ್ರವಾಸಿಗಳೂ ಬಹಳ. ಎಲ್ಲರಿಗೂ ಒಂದೇ ಚಪ್ಪಾಳೆ, ಎಲ್ಲಕ್ಕೂ ಒಂದೇ ಕೂಗು. ಯಾವ ಕುಸ್ತಿಪಟು ಟಿಕೆಟ್ ಮಾರಬಲ್ಲ ಎಂದು ತಿಳಿಯಲು ಟಿಕೆಟ್ಟೇ ಇರಲಿಲ್ಲ. ವರ್ಷಗಟ್ಟಲೆ ಹೀಗೆ ನಡೆದ ಮೇಲೆ ಊರೂರಿಗೆ ಹೋಗಿ ಟಿಕೆಟ್ ಮಾರಬೇಕಾಗಿ ಬಂದಾಗ ಯಾರ ಮುಖವನ್ನು ಪೋಸ್ಟರಿಗೆ ಹಾಕಬೇಕು ಎಂಬುದಕ್ಕೆ ಗಲ್ಲಾಪೆಟ್ಟಿಗೆಯ ಸಾಕ್ಷಿ ಎಲ್ಲಿಂದ ಬರಬೇಕು?

2010ರ ಜನವರಿ 4ರಂದು ಹೋಗನ್‌ನನ್ನು ಕರೆತಂದು ಸೋಮವಾರವೇ ರಾ ಎದುರು ಮೂರು ಗಂಟೆ ಕಾರ್ಯಕ್ರಮ ಕೊಟ್ಟರು. ಸುಮಾರು ಇಪ್ಪತ್ತೆರಡು ಲಕ್ಷ ಜನ ನೋಡಿದರು. ಅದೇ ಉಮೇದಿನಲ್ಲಿ ಮಾರ್ಚ್ 8ರಿಂದ ಸೋಮವಾರಕ್ಕೇ ಬಿಡಾರ ಬದಲಿಸಿದರು. ಎರಡೇ ತಿಂಗಳಲ್ಲಿ ಗುರುವಾರಕ್ಕೆ ವಾಪಸ್. ಕುತೂಹಲಕ್ಕೆ ಒಮ್ಮೆ ಬಂದವನನ್ನು ಖಾಯಂ ಗಿರಾಕಿ ಎಂದು ಲೆಕ್ಕ ಹಾಕಿದರೆ ಹೀಗೇ ಆಗುವುದು. ಆಮೇಲೆ ಸ್ಪೈಕ್‌ನಿಂದ ಡೆಸ್ಟಿನೇಶನ್ ಅಮೆರಿಕ, ಪಾಪ್, ಪರ್ಸ್ಯೂಟ್, ಎಎಕ್ಸ್‌ಎಸ್ ಎಂದು ಚಾನೆಲ್ ಮೇಲೆ ಚಾನೆಲ್. ಹೆಸರು ಇಂಪ್ಯಾಕ್ಟ್ ಆಯಿತು, ಗ್ಲೋಬಲ್ ಫೋರ್ಸ್ ಆಯಿತು, ಮತ್ತೆ ಇಂಪ್ಯಾಕ್ಟ್, 2024ರ ಜನವರಿಯಲ್ಲಿ ಮರಳಿ ಟಿಎನ್‌ಎ. ರಿಂಗ್ ಕೂಡ ನಾಲ್ಕು ಮೂಲೆಯಿಂದ ಆರಕ್ಕೆ, ಆರರಿಂದ ನಾಲ್ಕಕ್ಕೆ, ಪುನಃ ಆರಕ್ಕೆ, ಪುನಃ ನಾಲ್ಕಕ್ಕೆ. ಅಂಗಡಿ ದಿನಕ್ಕೊಂದು ಬೀದಿಗೆ ಹೋದರೆ ಗಿರಾಕಿ ಎಷ್ಟು ದಿನ ಹುಡುಕಿಕೊಂಡು ಬಂದಾನು? ಇಷ್ಟೆಲ್ಲ ಆಗಿಯೂ ಆ ಕಂಪನಿ ಉಸಿರಾಡುತ್ತಿದೆ ಎಂಬುದು ಅದರ ಕುಸ್ತಿಪಟುಗಳ ಕಸುಬಿಗೆ ಸಲ್ಲಬೇಕಾದ ಮಾತು.

ಈಗ ನಿಮ್ಮ ಮುಂದಿನ ಕಾರ್ಯಕ್ರಮದ ವಿಷಯಕ್ಕೆ ಬರೋಣ.

ಮೊದಲು ಫಿನಿಶ್, ಅಂದರೆ ಪಂದ್ಯ ಮುಗಿಯುವ ರೀತಿ. ಎಂಟು ಪಂದ್ಯಗಳ ಪಟ್ಟಿಯಲ್ಲಿ ಆರು ಪಂದ್ಯ ಕ್ಲೀನ್ ಆಗಿ ಮುಗಿಯಲಿ, ಅಂದರೆ ರಿಂಗಿನ ನಡುವೆ, ಗೆದ್ದವನ ಫಿನಿಶರ್‌ನಿಂದ (ಪಂದ್ಯ ಮುಗಿಸುವ ಅವನದೇ ಪಟ್ಟಿನಿಂದ), ಹೊರಗಿನವರ ಕೈವಾಡವಿಲ್ಲದೆ. ಒಂದು ಪಂದ್ಯದಲ್ಲಿ ಖಳ ಮೋಸ ಮಾಡಿ ಗೆಲ್ಲಲಿ. ಒಂದರಲ್ಲಿ ಬೇಕಿದ್ದರೆ ರನ್-ಇನ್ ಆಗಲಿ, ಅಂದರೆ ಹೊರಗಿನವನೊಬ್ಬ ನಡುವೆ ನುಗ್ಗಿ ಬರಲಿ, ಅದೂ ಮುಂದಿನ ತಿಂಗಳ ಪಂದ್ಯಕ್ಕೆ ಬೀಜವಾಗುವುದಿದ್ದರೆ ಮಾತ್ರ. ಒಂದೇ ರಾತ್ರಿ ಎರಡು ರನ್-ಇನ್ ಆದರೆ ಮೊದಲನೆಯದು ಸತ್ತ ಹಾಗೆ. ಮೂರಾದರೆ ಪ್ರೇಕ್ಷಕ ರಿಂಗನ್ನು ಬಿಟ್ಟು ಪರದೆಯ ಕಡೆ ನೋಡುತ್ತ ಕೂರುತ್ತಾನೆ, ಯಾರು ಬರುತ್ತಾರೋ ಎಂದು. ಆಗ ರಿಂಗಿನಲ್ಲಿ ಇಬ್ಬರು ಬೆನ್ನು ಮುರಿದುಕೊಂಡು ದುಡಿಯುವುದು ದಂಡ. ರೆಫರಿಯನ್ನು ಮೂರ್ಛೆ ಬೀಳಿಸುವ ತಂತ್ರವನ್ನಂತೂ ಮೂರು ತಿಂಗಳಿಗೊಮ್ಮೆ ಬಳಸಿದರೂ ಹೆಚ್ಚೇ.

ನಿಮ್ಮಲ್ಲಿ ಬಹಳ ಜನರಿಗೆ ಅಂಟಿರುವ ಇನ್ನೊಂದು ಚಟ, ಸಮಪಾಲು. ಈ ವಾರ ಇವನು ಗೆದ್ದ, ಮುಂದಿನ ವಾರ ಅವನು ಗೆದ್ದ, ಮೂರನೆಯ ವಾರ ನಿರ್ಣಾಯಕ. ಇಬ್ಬರಿಗೂ ಪೆಟ್ಟಾಗಬಾರದು ಎಂಬ ಕಾಳಜಿ ಅದರ ಹಿಂದಿದೆ, ಒಪ್ಪೋಣ. ಪರಿಣಾಮ ಮಾತ್ರ ಇಬ್ಬರೂ ಮಧ್ಯಮ ದರ್ಜೆಯವರಾಗಿ ಉಳಿಯುವುದು. ಒಬ್ಬನನ್ನು ಮೇಲೆತ್ತಬೇಕಾದರೆ ಅವನು ಆರೆಂಟು ತಿಂಗಳು ಗೆಲ್ಲಬೇಕು: ಮೊದಲ ಎರಡು ತಿಂಗಳು ಕೆಳಗಿನವರನ್ನು ಐದೈದು ನಿಮಿಷದಲ್ಲಿ, ಆಮೇಲೆ ಮಧ್ಯದವರನ್ನು ಹತ್ತು ನಿಮಿಷದಲ್ಲಿ, ಕೊನೆಗೆ ಒಬ್ಬ ಮಾಜಿ ಚಾಂಪಿಯನ್ನನ್ನು. ಸೋತವನಿಗೆ ಮುಂದಿನ ವಾರ ಏನಾದರೂ ಕೆಲಸ ಇರಬೇಕು, ಸಿಟ್ಟೋ ಕುಂಟೋ ಜೊತೆಗಾರನೊಂದಿಗೆ ಜಗಳವೋ. ಸೋಲು ಕೂಡ ಕಥೆಯಾದರೆ ಸೋತವನೂ ಬೆಳೆಯುತ್ತಾನೆ. ಸೋತವನು ಮರುವಾರ ಸೋಲನ್ನೇ ಮರೆತು ನಗುತ್ತ ಬಂದರೆ ನಾವೂ ಅದನ್ನು ಮರೆಯುತ್ತೇವೆ, ಅವನನ್ನೂ ಮರೆಯುತ್ತೇವೆ.

ಫಿನಿಶರ್‌ಗಳದ್ದು ಹಣದುಬ್ಬರದ ಕಥೆ. ದೊಡ್ಡ ಪಂದ್ಯವೊಂದರಲ್ಲಿ ಎದುರಾಳಿ ಫಿನಿಶರ್ ತಿಂದೂ ಎರಡರ ಎಣಿಕೆಗೆ ಭುಜ ಎತ್ತಿದರೆ ಸಭಾಂಗಣವೇ ಎದ್ದು ನಿಲ್ಲುತ್ತದೆ. ಆ ಸದ್ದು ಕೇಳಿದ ಎಲ್ಲರಿಗೂ ಅದೇ ಬೇಕು. ಆರು ತಿಂಗಳಲ್ಲಿ ಮೊದಲನೇ ಪಂದ್ಯದ ಹುಡುಗರೂ ಮೂರು ಮೂರು ಫಿನಿಶರ್ ತಿಂದು ಏಳುತ್ತಾರೆ. ಆಮೇಲೆ ಅದೇ ಸದ್ದು ಹುಟ್ಟಿಸಲು ರಿಂಗಿನ ಅಂಚಿನಿಂದ ಕೆಳಗೆ ಬೀಳಬೇಕು, ತಲೆ ಕೆಳಗಾಗಿ ಬೀಳಬೇಕು. ಈ ಏಣಿ ಎಲ್ಲಿಗೆ ಹೋಗುತ್ತದೆ ಎಂಬುದು ಗೊತ್ತಿಲ್ಲದ ಸಂಗತಿಯಲ್ಲ. ಜಪಾನಿನ ಮಿತ್ಸುಹಾರು ಮಿಸಾವಾ ವರ್ಷಾನುಗಟ್ಟಲೆ ಕುತ್ತಿಗೆಯ ಮೇಲೆ ಪೆಟ್ಟು ತಿಂದವರು. 2009ರ ಜೂನ್ 13ರಂದು ಹಿರೋಶಿಮಾದಲ್ಲಿ ಒಂದು ಬ್ಯಾಕ್ ಸುಪ್ಲೆಕ್ಸ್ (ಹಿಂದಿನಿಂದ ಎತ್ತಿ ಹಿಮ್ಮುಖವಾಗಿ ಕೆಡವುವ ಪಟ್ಟು) ಆದಮೇಲೆ ಮತ್ತೆ ಏಳಲೇ ಇಲ್ಲ. ಫಿನಿಶರ್‌ನಿಂದ ತಪ್ಪಿಸಿಕೊಳ್ಳುವ ಅವಕಾಶವನ್ನು ವರ್ಷಕ್ಕೆ ಇಷ್ಟೇ ಎಂದು ಬುಕರ್ ಬರೆದಿಡಬೇಕು. ಆ ಲೆಕ್ಕ ಬುಕರ್ ಕೈಯಲ್ಲಿರಲಿ, ಕುಸ್ತಿಪಟುಗಳಿಗೆ ಬಿಟ್ಟರೆ ಯಾರೂ ತಮ್ಮ ಪಾಲು ಕಡಿಮೆ ತೆಗೆದುಕೊಳ್ಳುವುದಿಲ್ಲ.

ಸಮಯದ ಲೆಕ್ಕ ನೋಡಿ. ಎರಡು ಗಂಟೆಯ ಅಮೆರಿಕನ್ ಟೀವಿ ಕಾರ್ಯಕ್ರಮದಲ್ಲಿ ಜಾಹೀರಾತು ಕಳೆದು ಉಳಿಯುವುದು ಸುಮಾರು 90 ನಿಮಿಷ. ಐದು ಪಂದ್ಯ ಎಂದುಕೊಳ್ಳಿ: 12, 8, 10, 6, 18, ಒಟ್ಟು 54. ಪ್ರತಿ ಪಂದ್ಯಕ್ಕೂ ಇಬ್ಬರೂ ಬರುವುದು ಹೋಗುವುದು ಸೇರಿ ನಾಲ್ಕು ನಿಮಿಷ, ಅಲ್ಲಿಗೆ 74. ಮಾತಿಗೆ ಉಳಿದದ್ದು 16 ನಿಮಿಷ. ಈಗ ನಿಮ್ಮ ಹಿರಿಯ ಕುಸ್ತಿಪಟು ಮೈಕ್ ಹಿಡಿದು ಆರಂಭದಲ್ಲೇ ಇಪ್ಪತ್ತು ನಿಮಿಷ ಮಾತಾಡಿದ. ಆ ನಾಲ್ಕು ನಿಮಿಷ, ಜೊತೆಗೆ ಆಮೇಲಿನ ಎಲ್ಲ ಮಾತುಗಳ ನಿಮಿಷಗಳು ಎಲ್ಲಿಂದ ಬರಬೇಕು? ಯಾವಾಗಲೂ ಮುಖ್ಯ ಪಂದ್ಯದಿಂದಲೇ. ರೆಫರಿಯ ಕಿವಿಯಲ್ಲಿ ಬೇಗ ಮುಗಿಸಿ ಎಂಬ ಸೂಚನೆ ಬರುತ್ತದೆ, ಹದಿನೆಂಟು ನಿಮಿಷಕ್ಕೆ ಕಟ್ಟಿದ ಪಂದ್ಯವನ್ನು ಹತ್ತರಲ್ಲಿ ಮಡಚುತ್ತಾರೆ, ನಡುವಿನ ಕಥೆ ಬಿದ್ದುಹೋಗುತ್ತದೆ, ಫಿನಿಶ್ ಬುಡವಿಲ್ಲದೆ ನಿಲ್ಲುತ್ತದೆ. ನಮಗೆ ಕಾಣುವುದು ಕೆಟ್ಟ ಮುಖ್ಯ ಪಂದ್ಯ. ಬೈಗುಳ ಕೇಳುವವರು ಅದನ್ನು ಆಡಿದವರು. ಪರದೆಯ ಹಿಂದೆ ಒಬ್ಬ ಗಡಿಯಾರ ಹಿಡಿದು ನಿಂತಿರಲಿ, ಮೈಕ್ ಆಫ್ ಮಾಡುವ ಅಧಿಕಾರ ಅವನಿಗಿರಲಿ, ಹಿರಿಯನೆಂದು ಮುಲಾಜು ಬೇಡ.

ಗಂಟೆ ಹೆಚ್ಚಿದರೆ ಆದಾಯ ಹೆಚ್ಚು ಎಂಬ ಲೆಕ್ಕ ಚಾನೆಲ್‌ಗೆ ಸರಿ. 2012ರ ಜುಲೈಯಲ್ಲಿ ರಾ ಮೂರು ಗಂಟೆಗೆ ಹಿಗ್ಗಿತು. ಮೂರನೇ ಗಂಟೆಗೆ ಪ್ರೇಕ್ಷಕರು ಇಳಿಯುವುದು ವರ್ಷಗಟ್ಟಲೆ ವಾರದ ವಾಡಿಕೆಯಾಯಿತು. ಅಷ್ಟು ದೊಡ್ಡ ಕಂಪನಿ ಅದನ್ನು ತಾಳಿಕೊಂಡಿತು. ನೀವು ತಾಳಲಾರಿರಿ. ಸಭಾಂಗಣದ ಕಾರ್ಯಕ್ರಮ ವಿರಾಮ ಸೇರಿ ಎರಡೂವರೆ ಗಂಟೆ ಮೀರದಿರಲಿ.

ಕುರ್ಚಿಗಳ ವಿಷಯ ಸಣ್ಣದೆನಿಸಬಹುದು, ಆದರೆ ನೀವು ಕೈಯಾರೆ ಕೆಡಿಸಿಕೊಳ್ಳುವುದು ಇಲ್ಲೇ. 1,200 ಕುರ್ಚಿಯ ಸಭಾಂಗಣ, ಮಾರಾಟವಾದದ್ದು 500. ಪೂರ್ತಿ ಕುರ್ಚಿ ಹಾಕಿ ಜನರನ್ನು ಇಷ್ಟಬಂದಲ್ಲಿ ಕೂರಲು ಬಿಟ್ಟರೆ ಎಲ್ಲರೂ ಹರಡಿಕೊಳ್ಳುತ್ತಾರೆ. ಒಬ್ಬನ ಕೂಗು ಪಕ್ಕದವನಿಗೆ ಕೇಳುವುದಿಲ್ಲ, ಪಕ್ಕದವನು ಕೂಗುವುದಿಲ್ಲ. 550 ಕುರ್ಚಿ ಮಾತ್ರ ಹಾಕಿ, ಹಿಂದೆ ಕಪ್ಪು ಪರದೆ ಇಳಿಬಿಡಿ, ಪರದೆಯ ಆಚೆ ದೀಪ ಆರಿಸಿ. ಮುಖ್ಯ ಕ್ಯಾಮೆರಾಕ್ಕೆ ಎದುರಾಗುವ ಬದಿಯನ್ನು ಮೊದಲು ತುಂಬಿ, ಟೀವಿಗೆ ಕಾಣುವುದು ಅದೇ. ಕ್ಯಾಮೆರಾದ ಹಿಂದಿನ ಬದಿ ಕೊನೆಗೆ. ಬೆಳಕು ರಿಂಗಿನ ಮೇಲೆ ಗಟ್ಟಿಯಾಗಿ, ಮುಂದಿನ ನಾಲ್ಕೈದು ಸಾಲಿನ ಮೇಲೆ ತೆಳುವಾಗಿ ಬೀಳಲಿ. ಮುಖಗಳೇ ಕಾಣದಷ್ಟು ಕತ್ತಲು ಮಾಡಿದರೆ ಖಾಲಿ ಕುರ್ಚಿ ಮುಚ್ಚಿಹೋಗುತ್ತದೆ, ಜೊತೆಗೆ ಜನರ ಉತ್ಸಾಹವೂ ಮುಚ್ಚಿಹೋಗುತ್ತದೆ.

ಪುಕ್ಕಟೆ ಪಾಸ್ ಹಂಚುವುದು ಇದಕ್ಕಿಂತ ಕೆಟ್ಟ ಮದ್ದು. ಕೊನೆಯ ವಾರ ಪಾಸ್ ಹಂಚಿದಿರಿ, ಸಭಾಂಗಣ ತುಂಬಿದ ಹಾಗೆ ಕಂಡಿತು. ಮೊದಲ ವಾರವೇ ದುಡ್ಡು ಕೊಟ್ಟವನು ಪಕ್ಕದ ಕುರ್ಚಿಯವನನ್ನು ಎಷ್ಟು ಕೊಟ್ಟೆ ಎಂದು ಕೇಳಿಯೇ ಕೇಳುತ್ತಾನೆ. ಮುಂದಿನ ಸಲ ಅವನೂ ಕೊನೆಯ ವಾರದವರೆಗೆ ಕಾಯುತ್ತಾನೆ. ಮುಂಗಡ ಮಾರಾಟ ಕುಸಿಯುತ್ತದೆ, ನೀವು ಗಾಬರಿಯಾಗಿ ಇನ್ನಷ್ಟು ಪಾಸ್ ಹಂಚುತ್ತೀರಿ. ಮೂರು ಸುತ್ತಿನಲ್ಲಿ ನಿಮ್ಮ ಟಿಕೆಟ್ಟಿನ ಬೆಲೆ ಸೊನ್ನೆ. ಹಂಚಲೇಬೇಕಿದ್ದರೆ ಹಿಂದಿನ ಕಾರ್ಯಕ್ರಮಕ್ಕೆ ದುಡ್ಡು ಕೊಟ್ಟು ಬಂದವರಿಗೆ ಕೊಡಿ, ಒಬ್ಬ ಹೊಸಬನನ್ನು ಜೊತೆಗೆ ಕರೆತರಲಿ ಎಂಬ ಷರತ್ತಿನೊಂದಿಗೆ.

ರಿಂಗಿನ ಬಗ್ಗೆ ಎರಡು ಮಾತು. ಸಾಮಾನ್ಯವಾಗಿ 18 ಅಥವಾ 20 ಅಡಿ ಚೌಕ, ಕೆಳಗೆ ಉಕ್ಕಿನ ತೊಲೆ, ಅದರ ಮೇಲೆ ಹಲಗೆ, ತೆಳ್ಳನೆಯ ಫೋಮ್, ಮೇಲೊಂದು ಕ್ಯಾನ್ವಾಸ್. ಹಲಗೆ ಸರಿದು ಸಂದು ಬಿದ್ದರೆ ಕಾಲು ಉಳುಕುತ್ತದೆ. ಕ್ಯಾನ್ವಾಸ್ ಸಡಿಲವಾದರೆ ಓಡುವವನ ಪಾದ ಸಿಕ್ಕಿಕೊಳ್ಳುತ್ತದೆ. ನಾರಿನ ಹಗ್ಗಕ್ಕೆ ಟೇಪ್ ಸುತ್ತಿದ ರೋಪ್ ಹಿಗ್ಗುತ್ತದೆ, ಪ್ರತಿ ಕಾರ್ಯಕ್ರಮಕ್ಕೂ ಮೊದಲು ಮೂಲೆಗಳಲ್ಲಿ ಬಿಗಿಯಬೇಕು. ಉಕ್ಕಿನ ತಂತಿಗೆ ರಬ್ಬರ್ ಕೊಳವೆ ಹಾಕಿದ್ದು ಹಿಗ್ಗುವುದಿಲ್ಲ, ಬೆನ್ನಿಗೆ ಬರೆ ಎಳೆಯುತ್ತದೆ. ಪ್ರೇಕ್ಷಕನಿಗೆ ಇದಾವುದೂ ಗೊತ್ತಾಗಬೇಕಿಲ್ಲ. ಆದರೆ ರೋಪ್ ಮೇಲೆ ನಂಬಿಕೆಯಿಲ್ಲದೆ ಹಾರುವ ಮುನ್ನ ಅರೆಕ್ಷಣ ತಡೆದ ಕುಸ್ತಿಪಟುವನ್ನು ಕೊನೆಯ ಸಾಲಿನವನೂ ಗುರುತಿಸುತ್ತಾನೆ.

ಪಟ್ಟಿ ಬದಲಾದಾಗಿನ ನಡತೆ ಮುಖ್ಯ. ಗಾಯ ಆಗುತ್ತದೆ, ವಿಮಾನ ತಪ್ಪುತ್ತದೆ. ಬಾಗಿಲು ತೆರೆಯುವ ಮೊದಲೇ ಹೇಳಿ, ಪೋಸ್ಟರ್ ಮೇಲೆ ಚೀಟಿ ಅಂಟಿಸಿ, ಬೇಡದವರಿಗೆ ದುಡ್ಡು ವಾಪಸ್ ಕೊಡಿ. ಹಾಗೆ ಹೇಳಿದಾಗ ವಾಪಸ್ ಕೇಳುವವರು ಕಡಿಮೆಯೇ, ಮನೆ ಬಿಟ್ಟು ಬಂದವನಿಗೆ ಒಳಗೆ ಹೋಗುವ ಆಸೆಯೇ ಹೆಚ್ಚು. ಬಾರದವನ ಹೆಸರನ್ನು ಪೋಸ್ಟರ್‌ನಲ್ಲಿ ಕೊನೆಯವರೆಗೂ ಇಟ್ಟುಕೊಂಡು ಮುಖ್ಯ ಪಂದ್ಯದ ಹೊತ್ತಿಗೆ ಕೈ ಚೆಲ್ಲಿದರೆ, ಅಟ್ಲಾಂಟಾದ ಆ ರಾತ್ರಿಯನ್ನು ನಿಮ್ಮ ಅಳತೆಯಲ್ಲಿ ಮತ್ತೆ ಮಾಡಿದಂತೆ.

ಇನ್ನು ನೀವು ಎಣಿಸುತ್ತಿರುವ ಸಂಖ್ಯೆ. ಎಇಡಬ್ಲ್ಯೂ ಎಂಬ ಅಮೆರಿಕನ್ ಕಂಪನಿಯ ವಾರದ ಟೀವಿ ಕಾರ್ಯಕ್ರಮ ಡೈನಮೈಟ್ 2019ರ ಅಕ್ಟೋಬರ್ 2ರಂದು ಹದಿನಾಲ್ಕು ಲಕ್ಷ ವೀಕ್ಷಕರೊಂದಿಗೆ ಶುರುವಾಯಿತು. 2023ರ ಆಗಸ್ಟ್‌ನಲ್ಲಿ ಅದೇ ಕಂಪನಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ 81,035 ಟಿಕೆಟ್ ಮಾರಾಟವಾಯಿತೆಂದು ಘೋಷಿಸಿತು. ಆ ಹೊತ್ತಿಗೆ ವಾರದ ವೀಕ್ಷಕರು ಮೊದಲ ರಾತ್ರಿಯ ಮಟ್ಟಕ್ಕಿಂತ ಎಷ್ಟೋ ಕೆಳಗಿದ್ದರು. ವರ್ಷಕ್ಕೊಮ್ಮೆಯ ಜಾತ್ರೆಗೆ ಬರುವವರು ಬೇರೆ, ವಾರದ ಸಂತೆಗೆ ಬರುವವರು ಬೇರೆ. ಇಪ್ಪತ್ತು ಸೆಕೆಂಡಿನ ತುಣುಕು ನೋಡಿದ ಹತ್ತು ಲಕ್ಷ ಜನರನ್ನು ನಿಮ್ಮ ಪ್ರೇಕ್ಷಕರೆಂದು ಸಭೆಯಲ್ಲಿ ತೋರಿಸುವುದನ್ನು ನಿಲ್ಲಿಸಿ. ನಾಲ್ಕು ಕಾಲಂ ಸಾಕು: ದುಡ್ಡು ಕೊಟ್ಟ ಟಿಕೆಟ್ ಎಷ್ಟು, ಪಾಸ್ ಎಷ್ಟು, ಬಾಗಿಲಲ್ಲಿ ನಿಜವಾಗಿ ಒಳಬಂದವರು ಎಷ್ಟು, ಹಿಂದಿನ ಸಲ ಬಂದವರಲ್ಲಿ ಮರಳಿ ಬಂದವರು ಎಷ್ಟು. ಬೇಕಿದ್ದರೆ ಐದನೆಯದಾಗಿ, ಮುಖ್ಯ ಪಂದ್ಯದ ಗಂಟೆ ಬಾರಿಸುವಾಗ ಕುರ್ಚಿಯಲ್ಲಿ ಇನ್ನೂ ಕೂತಿದ್ದವರ ತಲೆ ಎಣಿಸಿ.

ಕೊನೆಯದಾಗಿ ಒಂದು ಕೋರಿಕೆ. ಇಷ್ಟನ್ನೂ ಒಪ್ಪಿ ಮುಂದಿನ ತಿಂಗಳಿಂದ ಕ್ಲೀನ್ ಫಿನಿಶ್ ಕೊಡಲು ಶುರುಮಾಡಿದರೂ ಮೊದಲ ಎರಡು ಮೂರು ಕಾರ್ಯಕ್ರಮಗಳಲ್ಲಿ ಸಂಖ್ಯೆ ಏರುವುದಿಲ್ಲ. ಕೆಡವಿದ್ದರ ಬಿಲ್ಲು ಹೇಗೆ ತಡವಾಗಿ ಬಂತೋ ಕಟ್ಟಿದ್ದರ ಕೂಲಿಯೂ ಹಾಗೆಯೇ ತಡವಾಗಿ ಬರುತ್ತದೆ. ಮೂರನೇ ಕಾರ್ಯಕ್ರಮಕ್ಕೆ ಗಾಬರಿ ಬಿದ್ದು ಬೆಲ್ಟ್ ಬದಲಿಸಬೇಡಿ, ನಿವೃತ್ತರಾದವರನ್ನು ದುಬಾರಿ ದರಕ್ಕೆ ಕರೆಸಬೇಡಿ, ಆರು ತಿಂಗಳಿಂದ ಗೆಲ್ಲುತ್ತಿರುವ ಹುಡುಗನನ್ನು ಆ ಭಯಕ್ಕೆ ಬಲಿ ಕೊಡಬೇಡಿ. ಅವನು ಮುಂದಿನ ಸಲ ಯಾರೊಂದಿಗೆ ಆಡುತ್ತಾನೆ ಎಂದು ನೀವು ಹೇಳಿದ್ದೀರಿ. ನಾವು ಟಿಕೆಟ್ ತೆಗೆದುಕೊಂಡಾಗಿದೆ.

ಇಂತಿ,
ಇನ್ನೂ ಎದ್ದು ಹೋಗದ ಕೆಲವು ಪ್ರೇಕ್ಷಕರು